ಶ್ರುತಿ ಯಾರ ಕೈಯಲ್ಲಿದೆ?

ನಮ್ಮ ಕಛೇರಿಗಳಲ್ಲಿ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ತಂಬೂರಿ ಮೀಟಿದರೆ, ಈಗಿನ ಕಾಲದಲ್ಲಿ ಶ್ರುತಿಪೆಟ್ಟಿಗೆಯ ಗುಂಡಿ ಒತ್ತಿದರೆ, ಮಂಗಳ ಹಾಡುವವರೆಗೂ ಷಡ್ಜ ಕದಲುವುದಿಲ್ಲ. ಹಾಡುವವರು, ಪಿಟೀಲಿನವರು, ಮೃದಂಗದವರು ಎಲ್ಲರೂ ಅದಕ್ಕೆ ಸೇರಿಸಿಕೊಂಡೇ ಕೂರುತ್ತಾರೆ. ಆದರೆ ಎರಡು ಪಿಟೀಲು, ಒಂದು ವಯೋಲ, ಒಂದು ಚೆಲ್ಲೊ ಸೇರಿದ ಸ್ಟ್ರಿಂಗ್ ಕ್ವಾರ್ಟೆಟ್ ಎಂಬ ಪಾಶ್ಚಾತ್ಯ ಕೂಟದಲ್ಲಿ ಹಿಂದೆ ಕೂತು ತಂಬೂರಿ ಮೀಟುವವರಿಲ್ಲ, ಮುಂದೆ ನಿಂತು ಕೋಲಾಡಿಸುವವರೂ ಇಲ್ಲ. ಹಾಗಾದರೆ ಅಲ್ಲಿ ಶ್ರುತಿ ಯಾರ ಕೈಯಲ್ಲಿದೆ? ಅದನ್ನು ಹಿಡಿಯಲು ಒಬ್ಬರನ್ನು ಹೇಗೆ ತಯಾರು ಮಾಡುತ್ತಾರೆ? ಹಾಗೆ ತಯಾರಾದವರ ಬದುಕು ಯಾವ ದಾರಿ ಹಿಡಿಯುತ್ತದೆ?

ಈ ಪ್ರಶ್ನೆಯನ್ನು ಬೆಂಗಳೂರಿನ ಆರ್.ಟಿ. ನಗರದಲ್ಲಿ ಕೂತು ಕೇಳುವುದಕ್ಕೆ ಕಾರಣವಿದೆ. ಅರುಣಾ ಸುಂದರ್‌ಲಾಲ್ ಅವರು 1987ರಲ್ಲಿ ಹುಟ್ಟುಹಾಕಿದ ಬ್ಯಾಂಗಲೋರ್ ಸ್ಕೂಲ್ ಆಫ್ ಮ್ಯೂಸಿಕ್ ಇರುವುದು ಈ ಸೀಮೆಯಲ್ಲಿ, ಸಂಜಯನಗರ ಮುಖ್ಯರಸ್ತೆಯ ಬದಿಯ ಸಿ.ಐ.ಎಲ್. ಬಡಾವಣೆಯಲ್ಲಿ. ಪಿಯಾನೊ, ಪಿಟೀಲು, ಚೆಲ್ಲೊ ಕಲಿಸುವ ಆ ಶಾಲೆ ತನ್ನದೇ ಚೇಂಬರ್ ಆರ್ಕೆಸ್ಟ್ರಾವನ್ನೂ ಕಟ್ಟಿತು. ಬಳ್ಳಾರಿ ರಸ್ತೆಯ ಬಸ್ಸು, ಲಾರಿಗಳ ಸದ್ದಿನಿಂದ ಕೂಗಳತೆಯಲ್ಲಿ, ಒಬ್ಬರ ಉಸಿರನ್ನು ಇನ್ನೊಬ್ಬರು ಕೇಳಿಸಿಕೊಳ್ಳಬೇಕಾದ ಈ ವಿದ್ಯೆ ಇಷ್ಟು ವರ್ಷ ಬಾಳಿದೆ.

ಆದರೂ ನಮ್ಮ ಊರಿನ ಮಕ್ಕಳು ಪಾಶ್ಚಾತ್ಯ ಪಿಟೀಲು ಕಲಿಯುವುದು ಹೆಚ್ಚಾಗಿ ಗ್ರೇಡಿನ ಲೆಕ್ಕದಲ್ಲಿ. ಲಂಡನ್ನಿನ ಟ್ರಿನಿಟಿ ಕಾಲೇಜು, ಎ.ಬಿ.ಆರ್.ಎಸ್.ಎಂ. ಸಂಸ್ಥೆಗಳ ಎಂಟು ಗ್ರೇಡುಗಳ ಏಣಿ ಅದು. ಎ.ಬಿ.ಆರ್.ಎಸ್.ಎಂ. ಪರೀಕ್ಷೆಗೆ ಒಟ್ಟು 150 ಅಂಕ. 100 ಬಂದರೆ ಪಾಸು, 120ಕ್ಕೆ ಮೆರಿಟ್, 130ಕ್ಕೆ ಡಿಸ್ಟಿಂಕ್ಷನ್. ನಮ್ಮ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳ ರೀತಿಯೂ ಇದಕ್ಕಿಂತ ಬಹಳ ಬೇರೆಯೇನಲ್ಲ. ಶಿಸ್ತು ಬರುತ್ತದೆ, ಬೆರಳು ಪಳಗುತ್ತದೆ, ನಿಜ. ಆದರೆ ಪರೀಕ್ಷಕರ ಮುಂದೆ ನಿಲ್ಲುವುದು ಒಂದೇ ಮಗು. ಪಕ್ಕದಲ್ಲಿ ಪಿಯಾನೊ ನುಡಿಸುವವರು ಇರುತ್ತಾರೆ. ಮಗು ಎಡವಿದರೆ ಸಂಭಾಳಿಸುವ ಹೊಣೆ ಅವರದು. ಪಿಯಾನೊದವರು ಎಡವಿದರೆ ನೀನೇನು ಮಾಡುತ್ತೀಯ ಎಂದು ಮಗುವನ್ನು ಯಾರೂ ಕೇಳುವುದಿಲ್ಲ.

ಕ್ವಾರ್ಟೆಟ್‌ನ ಕಲಿಕೆ ಶುರುವಾಗುವುದು ಈ ಕೇಳದ ಪ್ರಶ್ನೆಯಿಂದ. ಅಭ್ಯಾಸಕ್ಕೆ ಕೂತ ನಾಲ್ವರನ್ನು ಹತ್ತಿರದಿಂದ ಗಮನಿಸಿ. ಪ್ರತಿಯೊಬ್ಬರ ಸ್ಟ್ಯಾಂಡಿನ ಮೇಲೂ ಸ್ವರಲಿಪಿಯ ಜೊತೆಗೊಂದು ಪೆನ್ಸಿಲ್ಲು ಇರುತ್ತದೆ. ಕಮಾನು ಇಲ್ಲಿ ಕೆಳಕ್ಕೋ ಮೇಲಕ್ಕೋ ಎಂಬುದನ್ನು ಚರ್ಚಿಸಿ, ಒಪ್ಪಿ, ಗುರುತು ಹಾಕಿಕೊಳ್ಳುತ್ತಾರೆ. ಮರುವಾರ ಅದನ್ನೇ ಅಳಿಸಿ ಬೇರೆ ಗುರುತು ಹಾಕುತ್ತಾರೆ. ಆರಂಭಕ್ಕೆ ‘ಒಂದು, ಎರಡು’ ಎನ್ನುವ ಎಣಿಕೆ ಇಲ್ಲ. ಮೊದಲ ಪಿಟೀಲಿನವರು ತಲೆಯನ್ನು ತುಸು ಎತ್ತಿ ಮೂಗಿನಿಂದ ಉಸಿರೆಳೆದುಕೊಳ್ಳುತ್ತಾರೆ. ಆ ಉಸಿರಿನ ವೇಗವೇ ತಾಳದ ವೇಗ. ಉಳಿದ ಮೂವರೂ ಅದೇ ಉಸಿರು ತೆಗೆದುಕೊಂಡರೆ ನಾಲ್ಕು ಕಮಾನೂ ಒಟ್ಟಿಗೆ ತಂತಿಗೆ ತಾಗುತ್ತವೆ.

ಇನ್ನು ಶ್ರುತಿಯ ಮಾತು. ತಂಬೂರಿಯನ್ನು ಚೆನ್ನಾಗಿ ಕೂಡಿಸಿದರೆ ಯಾರೂ ಮೀಟದ ಅಂತರ ಗಾಂಧಾರ ತಾನಾಗಿ ಕೇಳಿಸುತ್ತದೆ ಎಂಬುದು ನಮ್ಮವರಿಗೆಲ್ಲ ಗೊತ್ತು. ಪಿಯಾನೊದಲ್ಲಿ ಆ ಗಾಂಧಾರ ಸಿಗುವುದಿಲ್ಲ. ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿದ ಆ ವಾದ್ಯದ ಗಾಂಧಾರ, ತಂಬೂರಿಯ ಗಾಂಧಾರಕ್ಕಿಂತ ತುಸು ಮೇಲಿದೆ. ಒಂದು ಸ್ವರಸ್ಥಾನದ ಅಂತರವನ್ನು ನೂರು ಭಾಗ ಮಾಡಿದರೆ ಸುಮಾರು 14 ಭಾಗದಷ್ಟು. ಪಿಯಾನೊ ಜೊತೆ ವರ್ಷಗಟ್ಟಲೆ ಪಳಗಿದ ವಿದ್ಯಾರ್ಥಿ ಕ್ವಾರ್ಟೆಟ್‌ಗೆ ಬಂದಾಗ ಆ ಗಾಂಧಾರವನ್ನು ಕೆಳಗಿಳಿಸಲು ಹೊಸದಾಗಿ ಕಲಿಯಬೇಕು. ಅಷ್ಟಕ್ಕೇ ಮುಗಿಯಲಿಲ್ಲ. ಮರುಗಳಿಗೆಯಲ್ಲಿ ಚೆಲ್ಲೊದವರು ಬೇರೆ ಸ್ವರಕ್ಕೆ ಹೋದರೆ, ಈವರೆಗೆ ಗಾಂಧಾರವಾಗಿದ್ದ ನನ್ನ ಸ್ವರ ಇದ್ದಲ್ಲೇ ಪಂಚಮವಾಗಿಬಿಡುತ್ತದೆ. ಆಗ ಬೆರಳನ್ನು ಕೂದಲೆಳೆಯಷ್ಟು ಮೇಲಕ್ಕೆ ಸರಿಸಬೇಕು. ನಮ್ಮ ವಿದ್ವಾಂಸರು ಎಂದಾದರೊಮ್ಮೆ ಗ್ರಹಭೇದ ಮಾಡಿ ಸಭೆಯನ್ನು ಬೆರಗುಗೊಳಿಸುತ್ತಾರಲ್ಲ, ಕ್ವಾರ್ಟೆಟ್‌ನಲ್ಲಿ ಆಧಾರ ಹಾಗೆ ಹೆಜ್ಜೆಹೆಜ್ಜೆಗೂ ಪಲ್ಲಟವಾಗುತ್ತಲೇ ಇರುತ್ತದೆ. ಷಡ್ಜ ಕೈಯಿಂದ ಕೈಗೆ ದಾಟುತ್ತಿರುತ್ತದೆ. ಸಿಕ್ಕಾಗ ಅಲುಗದೆ ನಿಲ್ಲಬೇಕು, ಹೋದಾಗ ಸರಿದು ಜಾಗ ಕೊಡಬೇಕು. ಯಾವಾಗ ಯಾವುದು ಎಂಬುದನ್ನು ಕಿವಿಯೇ ಹೇಳಬೇಕು.

ಈ ಗುಣ ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು ನಡುವೆ ಕೂರುವವರಿಗೆ. ಪಿಟೀಲು ಕಲಿಯುವವರಿಗೆ ಎಲ್ಲೂ ಬರವಿಲ್ಲ. ಅದಕ್ಕಿಂತ ತುಸು ದೊಡ್ಡದಾದ, ಮೇಳದ ಒಡಲಲ್ಲೇ ಅಡಗಿರುವ ವಯೋಲವನ್ನು ತಾನಾಗಿ ಆರಿಸಿಕೊಳ್ಳುವವರು ಕಡಿಮೆ. ಮುಂದೆ ವಯೋಲದಲ್ಲೇ ಹೆಸರಾದ ಪೀಟರ್ ಶಿಡ್ಲೋಫ್ ಕೂಡ ಮೊದಲು ಪಿಟೀಲಿನವರೇ. ನಾಜಿಗಳಿಂದ ತಪ್ಪಿಸಿಕೊಂಡು ವಿಯೆನ್ನಾ ಬಿಟ್ಟು ಬ್ರಿಟನ್ನಿಗೆ ಬಂದ ಯಹೂದಿ ಹುಡುಗ. ತಮ್ಮಂತೆಯೇ ನಿರಾಶ್ರಿತರಾಗಿದ್ದ ನಾರ್ಬರ್ಟ್ ಬ್ರೈನಿನ್, ಸೀಗ್ಮಂಡ್ ನಿಸ್ಸೆಲ್ ಅವರ ಪರಿಚಯವಾದದ್ದು ಯುದ್ಧಕಾಲದ ಬಂಧನ ಶಿಬಿರಗಳ ದಿನಗಳಲ್ಲಿ. ಮೂವರಿಗೂ ಪಿಟೀಲಿನ ಗುರು ಮ್ಯಾಕ್ಸ್ ರೋಸ್ಟಲ್ ದುಡ್ಡು ತೆಗೆದುಕೊಳ್ಳದೆ ಪಾಠ ಹೇಳಿದರು. ಚೆಲ್ಲೊ ನುಡಿಸುವ ಮಾರ್ಟಿನ್ ಲವೆಟ್ ಸೇರಿ ನಾಲ್ವರಾದಾಗ ಪಿಟೀಲಿನವರೇ ಮೂವರು! ಶಿಡ್ಲೋಫ್ ವಯೋಲ ಹಿಡಿದರು. ಆ ಕೂಟ 1947ರಲ್ಲಿ ಮೊದಲು ನುಡಿಸಿದ್ದು ಬ್ರೈನಿನ್ ಅವರ ಹೆಸರಿನಲ್ಲಿ. ಮರುವರ್ಷ ಅದು ಅಮಾಡಿಯಸ್ ಕ್ವಾರ್ಟೆಟ್ ಆಯಿತು. ಒಬ್ಬರ ಹೆಸರು ಹೋಯಿತು, ನಾಲ್ವರು ಉಳಿದರು. ಸುಮಾರು 40 ವರ್ಷ ಅದೇ ನಾಲ್ವರು ಒಟ್ಟಿಗೆ ನುಡಿಸಿದರು. 1987ರಲ್ಲಿ ಶಿಡ್ಲೋಫ್ ತೀರಿಕೊಂಡಾಗ ಉಳಿದ ಮೂವರು ಬೇರೆ ವಯೋಲದವರನ್ನು ಹುಡುಕಲಿಲ್ಲ. ಕ್ವಾರ್ಟೆಟ್ ಅನ್ನೇ ನಿಲ್ಲಿಸಿಬಿಟ್ಟರು. ಎಂದೂ ಮುಂದೆ ಬಾರದೆ ನಡುವೆ ಕೂತವರ ತೂಕ ಎಷ್ಟೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ನಮಗೂ ಇದು ಹೊಸ ವಿಷಯವಲ್ಲ. ಮೈಸೂರಿನ ಟಿ. ಚೌಡಯ್ಯನವರು ಪಿಟೀಲಿಗೆ ಬಿಲ್ಲು ಹಿಡಿದವರಾದರೂ ಅವರ ಗುರು ಬಿಡಾರಂ ಕೃಷ್ಣಪ್ಪನವರು ಹಾಡುಗಾರರು. ಹಾಡನ್ನು ಒಳಗಿಟ್ಟುಕೊಂಡು ಹಾಡುಗಾರರ ಪಕ್ಕದಲ್ಲಿ ಕೂರುವ ತರಬೇತಿ ಅದು. ದೊಡ್ಡ ಸಭೆಯಲ್ಲಿ ಹಿಂದಿನ ಸಾಲಿಗೂ ಪಿಟೀಲು ಕೇಳಿಸಲೆಂದು ಅವರು ನಾಲ್ಕು ತಂತಿಯನ್ನು ಏಳು ಮಾಡಿಕೊಂಡರು. ಪಕ್ಕವಾದ್ಯದಲ್ಲೇ ಹೆಸರು ಮಾಡಿದ ಅವರನ್ನು ಮದರಾಸಿನ ಸಂಗೀತ ಅಕಾಡೆಮಿ 1957ರಲ್ಲಿ ಸಂಗೀತ ಕಲಾನಿಧಿ ಎಂದು ಗೌರವಿಸಿತು. ಆರ್.ಟಿ. ನಗರದಿಂದ ಮೇಖ್ರಿ ಸರ್ಕಲ್ ದಾಟಿ ವೈಯಾಲಿಕಾವಲ್ ಕಡೆ ಹೋದರೆ ಪಿಟೀಲಿನ ಆಕಾರದಲ್ಲೇ ಕಟ್ಟಿದ ಅವರ ಸ್ಮಾರಕ ಭವನ ಕಾಣುತ್ತದೆ. ಹಾಡುಗಾರರಿಗೇ ಮೊದಲ ಮಣೆ ಹಾಕುವ ನಾಡು ಪಕ್ಕದಲ್ಲಿ ಕೂತವರಿಗೆ ಅಂಥ ಭವನ ಕಟ್ಟಿತು.

ಹಾಗೆಂದು ಬದುಕಿನ ಲೆಕ್ಕವನ್ನು ಮುಚ್ಚಿಡಬಾರದು. ಬೆಂಗಳೂರಿನಲ್ಲಿ ಕ್ವಾರ್ಟೆಟ್ ನುಡಿಸಿಯೇ ಸಂಸಾರ ತೂಗಿಸುವುದು ಆಗದ ಮಾತು. ಮನೆಪಾಠ, ಶಾಲೆಯ ಸಂಗೀತ ತರಗತಿ, ಚರ್ಚಿನ ಮದುವೆ, ಹೋಟೆಲಿನ ಸಂಜೆ, ಸ್ಟುಡಿಯೊದ ರೆಕಾರ್ಡಿಂಗ್, ಇವುಗಳ ನಡುವೆ ಬಿಡುವು ಸಿಕ್ಕರೆ ಹೈಡನ್, ಮೊಜಾರ್ಟ್. ಮುಂಬೈಯಲ್ಲಿ 2006ರಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಶುರುವಾದಾಗ ಕಜಕಸ್ತಾನದಿಂದ ಬಹಳಷ್ಟು ವಾದಕರನ್ನು ಕರೆಸಬೇಕಾಯಿತು. ಕೈ ಪಳಗಿಸುವ ವ್ಯವಸ್ಥೆ ನಮ್ಮಲ್ಲಿದೆ. ಜೊತೆಗೂಡಿ ನುಡಿಸುವವರನ್ನು ಬೆಳೆಸುವ, ಅವರಿಗೆ ಅನ್ನ ಕೊಡುವ ವ್ಯವಸ್ಥೆ ಇನ್ನೂ ಸಾಲದು. ಅನ್ನದ ದಾರಿ ಇಷ್ಟು ಕಿರಿದಾದರೂ ಈ ವಿದ್ಯೆಗೆ ಬರುವವರು ಬರುತ್ತಲೇ ಇದ್ದಾರೆ. ತನ್ನ ದನಿಯನ್ನು ಕಳೆದುಕೊಳ್ಳದೆ ಇನ್ನೊಬ್ಬರಿಗೆ ಆಧಾರವಾಗಬಹುದು ಎಂಬುದನ್ನು ಮಾತಿನಲ್ಲಿ ಎಲ್ಲರೂ ಹೇಳುತ್ತೇವೆ. ಅವರು ಅದನ್ನು ಬೆರಳಿನಲ್ಲಿ ಅನುಭವಿಸಿರುತ್ತಾರೆ. ಒಮ್ಮೆ ಆ ರುಚಿ ಹತ್ತಿದವರಿಗೆ ಒಬ್ಬರೇ ನುಡಿಸುವುದು ಸಾಲುವುದಿಲ್ಲ.

ಆದ್ದರಿಂದ ಮಕ್ಕಳಿಗೆ ಪಿಟೀಲು ಕಲಿಸುತ್ತಿರುವ ತಂದೆತಾಯಿಯರಲ್ಲಿ ಒಂದು ವಿನಂತಿ. ಪಾಶ್ಚಾತ್ಯವೋ ಕರ್ನಾಟಕವೋ, ಪದ್ಧತಿ ಯಾವುದಾದರೂ ಇರಲಿ. ಪರೀಕ್ಷೆ ಕಟ್ಟಿಸಿ, ಬೇಡವೆನ್ನುವುದಿಲ್ಲ. ಅದರ ಜೊತೆಗೆ ವಾರಕ್ಕೊಂದು ಗಂಟೆಯಾದರೂ ಮಗು ಇನ್ನೂ ಇಬ್ಬರು ಮೂವರೊಡನೆ ಕೂತು ನುಡಿಸುವಂತೆ ಮಾಡಿ. ಅಲ್ಲಿ ಎರಡನೆಯ ಪಿಟೀಲು ಸಿಕ್ಕಿತೆಂದು, ವಯೋಲ ಕೊಟ್ಟರೆಂದು ಬೇಸರಪಡಬೇಡಿ. ಮನೆಗೆ ಬಂದ ಮಗುವನ್ನು ಇವತ್ತು ಎಷ್ಟು ಚೆನ್ನಾಗಿ ನುಡಿಸಿದೆ ಎಂದು ಕೇಳುವ ಮೊದಲು, ಪಕ್ಕದವರು ಏನು ನುಡಿಸಿದರು ಎಂದು ಕೇಳಿ.