ದೀಪಕ್ಕೆ ಕವಿದ ಪೊರೆ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಸದಲಗಾದ ರಸ್ತೆಗಳಿಗೆ ರಾತ್ರಿಯೂ ಬಿಡುವಿಲ್ಲ. ಚಿಕ್ಕೋಡಿ, ಯಕ್ಸಂಬಾ, ಬೋರಗಾಂವ ಕಡೆಗಳಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಸಕ್ಕರೆ ಕಾರ್ಖಾನೆಯ ದಾರಿ ಹಿಡಿಯುತ್ತವೆ. ಎಷ್ಟೋ ಟ್ರೇಲರುಗಳ ಹಿಂದಿನ ಕೆಂಪು ದೀಪ ಜೋತುಬಿದ್ದ ಕಬ್ಬಿನ ತುದಿಯಲ್ಲಿ ಮುಚ್ಚಿಹೋಗಿರುತ್ತದೆ. ಅವುಗಳ ಹಿಂದೆ ಬರುವ ಕಾರಿನ ಹೆಡ್‌ಲೈಟ್ ಮಂಕಾಗಿದ್ದರೆ, ಟ್ರೇಲರ್ ಕಾಣುವುದು ತೀರಾ ಹತ್ತಿರ ಬಂದ ಮೇಲೆಯೇ.

‘ದೀಪ ಸರಿ ಬೀಳವಲ್ದು’ ಎನ್ನಿಸಿದಾಗ ನಾವು ಮೊದಲು ಕೈ ಹಾಕುವುದು ಬಲ್ಬಿಗೆ. ಇನ್ನೂ ಪ್ರಖರವಾದದ್ದನ್ನು ಹಾಕಿಸುತ್ತೇವೆ. ಕಣ್ಣಿಗೆ ಪೊರೆ ಬಂದವರಿಗೆ ಕನ್ನಡಕ ಬದಲಿಸಿದ ಹಾಗೆ ಇದು. ಕಾರಿನ ಹೆಡ್‌ಲೈಟಿನ ಮುಂದಿರುವುದು ಈಗ ಗಾಜಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಹಗುರ, ಕಲ್ಲು ಸಿಡಿದರೂ ಸುಲಭಕ್ಕೆ ಒಡೆಯದು. ಆದರೆ ಬಿಸಿಲಿನ ನೇರಳಾತೀತ ಕಿರಣವನ್ನು ಅದು ತಾಳದು. ಕಾರ್ಖಾನೆಯಲ್ಲೇ ಕೊಟ್ಟ ರಕ್ಷಣೆಯ ಲೇಪ ವರ್ಷಗಳ ಬಿಸಿಲು, ಧೂಳಿಗೆ ಸವೆದ ಮೇಲೆ ಮೈ ಹಳದಿಗಟ್ಟುತ್ತದೆ. ಅಮೆರಿಕದ ವಾಹನ ಸವಾರರ ಸಂಘ ‘ಎಎಎ’ 2018ರಲ್ಲಿ ಪರೀಕ್ಷಿಸಿದಾಗ, ಹೀಗೆ ಮಂಕಾದ ಹೆಡ್‌ಲೈಟುಗಳು ಹೊಸದರ ಶೇ 20ರಷ್ಟು ಬೆಳಕನ್ನಷ್ಟೇ ಕೊಟ್ಟವು. ಮಂಕಾದ ಪ್ಲಾಸ್ಟಿಕ್ಕಿನ ಹಿಂದೆ ಪ್ರಖರ ಬಲ್ಬ್ ಹಾಕಿದರೆ ಬೆಳಕು ದಾರಿಯ ಮೇಲೆ ಬೀಳದೆ ಸುತ್ತ ಚೆದರಿ, ಎದುರು ಬರುವ ಬೈಕಿನವನ ಕಣ್ಣಿಗೆ ಕುಕ್ಕುತ್ತದೆ.

ರಿಪೇರಿ ಕಷ್ಟದ್ದಲ್ಲ. ದೀಪ ತೊಳೆದು, ಸುತ್ತಲಿನ ಬಣ್ಣಕ್ಕೆ ಟೇಪ್ ಅಂಟಿಸಿ, ನೀರು ಬಿಡುತ್ತಾ 800 ನಂಬರಿನ ವಾಟರ್ ಪೇಪರಿನಿಂದ ಉಜ್ಜಬೇಕು. ಹಳದಿ ಹಾಲಿನಂಥ ನೀರು ಇಳಿಯುತ್ತದೆ. ಒರೆಸಿ ನೋಡಿದರೆ ದೀಪ ಮೊದಲಿಗಿಂತ ಬಿಳಚಿಕೊಂಡಿರುತ್ತದೆ. ಅಲ್ಲಿ ಎದೆಗುಂದಬಾರದು. 1500, 2000, 3000 ಎಂದು ನುಣುಪು ಹೆಚ್ಚಿಸುತ್ತಾ ಹೋಗಿ, ಕೊನೆಗೆ ರಬ್ಬಿಂಗ್ ಕಾಂಪೌಂಡ್ ಹಚ್ಚಿ ತಿಕ್ಕಿದರೆ ಒಳಗಿನ ಬಲ್ಬ್ ನಿಚ್ಚಳವಾಗಿ ಕಾಣುತ್ತದೆ. ಬಹಳ ಮಂದಿ ಇಲ್ಲಿಗೇ ಕೈ ತೊಳೆದುಕೊಳ್ಳುತ್ತಾರೆ. ಆದರೆ ಹಳೆಯ ಲೇಪ ಹೋಗಿ ಬರಿಮೈಯಾದ ಪ್ಲಾಸ್ಟಿಕ್ ಕೆಲವೇ ತಿಂಗಳಲ್ಲಿ ಮತ್ತೆ ಮಬ್ಬಾಗುತ್ತದೆ. ಬಿಸಿಲು ತಡೆಯುವ ಯುವಿ ಕ್ಲಿಯರ್ ಕೋಟ್ ಹೊಡೆಸಿದರೆ ಮಾತ್ರ ಪಟ್ಟ ಶ್ರಮ ಉಳಿದೀತು. ಟೂತ್‌ಪೇಸ್ಟಿನ ಹೊಳಪು ನಾಲ್ಕು ದಿನದ್ದು. ತೇವ ಒಳಗೇ ಸೇರಿದ್ದರೆ, ಬಿರುಕು ಬಿಟ್ಟಿದ್ದರೆ ದೀಪವನ್ನೇ ಬದಲಿಸುವುದು ಲೇಸು.

155 ಮೀಟರ್ ಮುಂದಿನ ಮನುಷ್ಯರೂ ವಾಹನಗಳೂ ಸ್ಪಷ್ಟ ಕಾಣುವಷ್ಟು ಬೆಳಕಿರಬೇಕು ಎನ್ನುತ್ತವೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು. ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಬೆಳಕು ಕುಂದಿದಷ್ಟೂ ಬ್ರೇಕ್ ಒತ್ತಲು ಸಿಗುವ ಸಮಯ ಕುಂದುತ್ತದೆ. ಆ ಕಳೆದುಹೋದ ಸೆಕೆಂಡಿಗೆ ಬೆಲೆ ತೆರುವವರು ರಸ್ತೆಯಂಚಿನಲ್ಲಿ ನಡೆವ ಕಬ್ಬು ಕಡಿಯುವ ಗ್ಯಾಂಗಿನವರು, ಎತ್ತಿನ ಗಾಡಿಯವರು. ಅವರ ಹತ್ತಿರ ದೀಪವೇ ಇರುವುದಿಲ್ಲ. ನಮ್ಮ ಗಾಡಿಯ ಬೆಳಕಿನಲ್ಲಿ ನಮಗಿರುವಷ್ಟೇ ಹಕ್ಕು ಅವರಿಗೂ ಇದೆ.

ಕಾರ್ಖಾನೆಗಳ ಹಂಗಾಮಿಗೆ ಮುನ್ನವೇ ಖಂಡೇಪೂಜೆ ಬರುತ್ತದೆ. ಅಂದು ಗಾಡಿ ತೊಳೆದು, ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕುತ್ತೇವೆ. ಹಾರ ಹಾಕುವ ಮೊದಲು ಒಂದು ತಾಸನ್ನು ಹೆಡ್‌ಲೈಟಿಗೆ ಕೊಡೋಣ; ಟ್ರ್ಯಾಕ್ಟರ್ ಇರುವವರು ಟ್ರೇಲರಿನ ಹಿಂಬದಿಗೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಲಿ. ಪೂಜೆಯ ಫಲ ದಾರಿಹೋಕರಿಗೂ ಸಿಗಲಿ.