ಋಣ ಯಾರದು, ಸೇವೆ ಯಾರದು

ಬೆಂಗಳೂರಿನ ಶಿವಾಜಿನಗರದಲ್ಲಿ ಗುಡಿ, ಮಸೀದಿ, ಬೆಸಿಲಿಕಾ ಕೂಗಳತೆಯಲ್ಲೇ ಇವೆ. ಮುಪ್ಪಿನ ತಂದೆತಾಯಿಯರ ವಿಷಯದಲ್ಲಿ ಅವುಗಳ ನಡುವೆ ಭೇದವೂ ಇಲ್ಲ. ಹೆತ್ತವರನ್ನು ಗೌರವಿಸುವುದು ಬೈಬಲ್ಲಿನ ದಶಾಜ್ಞೆಗಳಲ್ಲಿ ಒಂದು. ವೃದ್ಧರಾದ ಅವರೆದುರು ಬೇಸರದ ಸೊಲ್ಲನ್ನೂ ಎತ್ತಬಾರದು ಎನ್ನುತ್ತದೆ ಕುರಾನ್. ವೈದಿಕರ ಪಾಲಿಗೆ ಅದು ಪಿತೃಋಣ. ಈ ಕರ್ತವ್ಯವನ್ನು 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಕಾನೂನೂ ಆಗಿಸಿದೆ. ಹೀಗಿರುವಾಗ ಹಿರಿಯರ ಆರೈಕೆಗೆ ಹೊರಗಿನವರು ಮನೆಗೆ ಬಂದರೆ ಮಕ್ಕಳು ಧರ್ಮ ತಪ್ಪಿದಂತೆ ಎಂಬ ಅಳುಕು ಸಹಜ. ಆದರೆ ಶಾಸ್ತ್ರದ ಮಾತನ್ನೇ ಹಿಡಿದು ನೋಡಿದರೆ, ಪಿತೃಋಣ ತೀರುವುದು ಸಂತಾನದಿಂದ. ಪಡೆದದ್ದನ್ನು ಕೊಟ್ಟವರಿಗೇ ಮರಳಿಸಿ ಲೆಕ್ಕ ಚುಕ್ತಾ ಮಾಡುವುದಲ್ಲ, ಮುಂದಿನವರಿಗೆ ದಾಟಿಸುವುದು. ಋಣ ಇಬ್ಬರ ನಡುವಿನ ಖಾಸಗಿ ಸಾಲವಲ್ಲ ಎಂಬುದು ಅಲ್ಲೇ ಅಡಗಿದೆ. ಹಾಗಾದರೆ ಬೀದಿಯ ಇನ್ನೊಂದು ಮನೆಯ ಅಜ್ಜಿಯ ಹುಣ್ಣು ತೊಳೆಯುವವರೂ ಅದೇ ಋಣವನ್ನು ಸಲ್ಲಿಸುತ್ತಿದ್ದಾರೆ.

ಇದು ಬರಿಯ ತರ್ಕವಲ್ಲ. ಭಾರತೀಯ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ಇಂದಿರಾನಗರದ ರೋಟರಿ ಕ್ಲಬ್ ಸೇರಿ 1994ರಲ್ಲಿ ಸ್ಥಾಪಿಸಿದ ಕರುಣಾಶ್ರಯವನ್ನು ನೋಡಿ. ಮಾರತಹಳ್ಳಿಯ ಬಳಿ ಅದರ ಕಟ್ಟಡ ಏಳುವ ಮೊದಲೇ ಮನೆಮನೆಗೆ ಹೋಗುವ ಸೇವೆ ಶುರುವಾಗಿತ್ತು. ಅದು ವೃದ್ಧರಿಗೆಂದೇ ಇರುವ ಸಂಸ್ಥೆಯಲ್ಲ, ಗುಣವಾಗದ ಕ್ಯಾನ್ಸರ್ ಇರುವವರಿಗಾಗಿ ಇರುವುದು. ಆದರೂ ಅದರ ಕ್ರಮದಲ್ಲಿ ನಮಗೆ ಬೇಕಾದ ಉತ್ತರವಿದೆ. ದುಡ್ಡು ತೆಗೆದುಕೊಳ್ಳುವುದಿಲ್ಲ; ಮನೆಗೆ ಬಂದ ನರ್ಸು ನೋವಿನ ಮಾತ್ರೆಯ ಹೊತ್ತನ್ನೂ ಹಾಸಿಗೆ ಹುಣ್ಣಾಗದಂತೆ ಹೊರಳಿಸುವುದನ್ನೂ ಮನೆಯವರಿಗೆ ಕಲಿಸುತ್ತಾರೆ. ಇಲ್ಲಿ ಹೊರಗಿನವರು ಮಕ್ಕಳ ಜಾಗವನ್ನು ಕಿತ್ತುಕೊಳ್ಳುವುದಿಲ್ಲ. ಪ್ರೀತಿಯಿದ್ದೂ ಆರೈಕೆಯ ಕ್ರಮ ತಿಳಿಯದವರ ಜೊತೆ ಕೈಜೋಡಿಸುತ್ತಾರೆ. ಕೇರಳದ ಮಲಪ್ಪುರಂ ಕಡೆ ನೆರೆಹೊರೆಯ ಸ್ವಯಂಸೇವಕರೇ ಇಂಥ ಆರೈಕೆಯನ್ನು ಹೊತ್ತರು, 2008ರಲ್ಲಿ ಅಲ್ಲಿನ ಸರ್ಕಾರ ಅದನ್ನು ನೀತಿಯಾಗಿಸಿತು. ಶರಣರು ಹೇಳಿದ ದಾಸೋಹಕ್ಕೆ ಇದಕ್ಕಿಂತ ಹತ್ತಿರದ ರೂಪ ನನಗೆ ಕಾಣದು: ಕೊಡುವವನು ದಾನಿಯಾಗಿ ಮೇಲೆ ನಿಲ್ಲುವುದಿಲ್ಲ.

ಇದರಿಂದ ಮಕ್ಕಳು ನುಣುಚಿಕೊಳ್ಳುವುದಿಲ್ಲವೇ? ಕೆಲವರು ನುಣುಚಿಕೊಂಡಾರು. ಆದರೆ ನೆರವಿಲ್ಲದ ಮನೆಯಲ್ಲಿ ಮಗನ ಹೆಸರಿನ ಧರ್ಮವನ್ನು ನಿಜಕ್ಕೂ ಹೊರುವವಳು ಸೊಸೆ ಅಥವಾ ಮಗಳು. ರಾತ್ರಿ ನಿದ್ದೆಗೆಟ್ಟು, ಕೆಲಸ ಬಿಟ್ಟು. ಒಬ್ಬಳನ್ನು ಸವೆಸಿ ಉಳಿಸಿಕೊಂಡ ಧರ್ಮವನ್ನು ಧರ್ಮವೆನ್ನಲು ನನಗೆ ಮನಸ್ಸು ಬಾರದು. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಮನೆಯೇ ಎಲ್ಲರಿಗೂ ಸುರಕ್ಷಿತವೇ? ಅಲ್ಲ. ಬೈಗುಳವೂ ಹೊಡೆತವೂ ಮನೆಯೊಳಗೇ ನಡೆಯುತ್ತವೆ. ಅದಕ್ಕೆಂದೇ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ನಗರ ಪೊಲೀಸರ ಜೊತೆ ಸೇರಿ 1090 ಸಹಾಯವಾಣಿಯನ್ನು ಆರಂಭಿಸಿತು. ಮರೆಗುಳಿತನ ಬಲಿತು ಮನೆಯಲ್ಲಿ ನಿಭಾಯಿಸಲಾಗದವರಿಗೆ ಕೆ.ಆರ್. ಪುರದತ್ತ ಕಸ್ತೂರಿನಗರದಲ್ಲಿ ಅದೇ ಟ್ರಸ್ಟಿನ ವಸತಿ ಕೇಂದ್ರವಿದೆ. ಅಲ್ಲಿಗೆ ಸೇರಿಸುವುದು ಪಾಪವಲ್ಲ. ವಾನಪ್ರಸ್ಥವನ್ನು ಕಲ್ಪಿಸಿದ ಪರಂಪರೆಗೆ ಮನೆ ಬಿಡುವುದು ಹೊಸದೂ ಅಲ್ಲ. ವಾನಪ್ರಸ್ಥಿ ಹೊರಟದ್ದು ತನ್ನ ಇಚ್ಛೆಯಿಂದ ಎಂಬುದೇ ಮುಖ್ಯ. ಹಾಗಾಗಿ ಹಲಸೂರಿನ ಮೂರನೇ ಮಹಡಿಯಲ್ಲಿ ಒಂಟಿಯಾಗಿರುವ ಹಿರಿಯರ ಬಾಗಿಲು ತಟ್ಟುವವರು ಬಿ.ಪಿ. ನೋಡುವ ಮೊದಲು, ಎಲ್ಲಿರಬೇಕೆಂದು ನಿಮಗೆ ಇಷ್ಟ ಎಂದು ಅವರನ್ನೇ ಕೇಳಬೇಕು. ಮಗನಿಗೆ ಫೋನು ಆಮೇಲೆ.