ಅಜ್ಜನ ಎಂಜಿನಿನಲ್ಲಿ ಯಾರ ಪಾಲೆಷ್ಟು?

ಕಳೆದ ಹಿಂಗಾರಿನಲ್ಲಿ ಕಾಕಾನ ಮಗ ನಮ್ಮ ಮನೆಗೆ ಬಂದು ಎಂಜಿನ್ ಕೇಳಿದ. ಅವರ ಕಡಲೆ ಹೊಲಕ್ಕೆ ಒಂದು ಸಲ ನೀರು ಹಾಯಿಸಬೇಕಿತ್ತು. ಹಳ್ಳದ ಮಡುವಿನಲ್ಲಿ ಇನ್ನೂ ನೀರಿತ್ತು. "ನಾಲ್ಕು ದಿನ ಒಯ್ಯತೀನಿ ಅಣ್ಣಾ" ಎಂದ. ಬಾಡಿಗೆ ಎಷ್ಟು ಕೊಡುತ್ತೀ ಎಂದು ನಾವು ಕೇಳಿದೆವು. ಅವನು ನಮ್ಮಿಬ್ಬರ ಮುಖವನ್ನೂ ಒಂದು ಕ್ಷಣ ನೋಡಿದ.

"ಅಜ್ಜನ ಎಂಜಿನ್ ಐತಿ ಅದು. ಅದರಾಗ ನಮ್ಮದೂ ಪಾಲು ಐತಿ."

"ಪಾಲು ಯಾವುದರಾಗ? ಒಳಗಿಂದೆಲ್ಲಾ ನಾವು ಹಾಕಿದ್ದು" ಎಂದೆವು.

ಅವನು ಮಾತು ಬೆಳೆಸಲಿಲ್ಲ. ಎದ್ದು ಹೋದ. ನಾವು ಅಣ್ಣ-ತಮ್ಮ ಇಬ್ಬರೂ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ನಾವು ಆಡಿದ ಮಾತು ಸುಳ್ಳಾಗಿರಲಿಲ್ಲ. ಹಾಗಿದ್ದರೂ ಅದೇಕೆ ಗಂಟಲಲ್ಲಿ ಸಿಕ್ಕಿಕೊಂಡಿತು?

ಮೊರಬದಲ್ಲಿ ಆ ಎಂಜಿನಿನ ಸದ್ದು ಕೇಳಿ ಬೆಳೆದವರು ಇನ್ನೂ ಇದ್ದಾರೆ. ಅಜ್ಜ ಅದನ್ನು ತಂದದ್ದು ಹಿಟ್ಟಿನ ಗಿರಣಿಗಾಗಿ. ಗಿರಣಿಗೆ ಕರೆಂಟಿನ ಮೋಟಾರು ಬಂದ ಮೇಲೆ ಎಂಜಿನ್ ಹಳ್ಳದ ದಂಡೆ ಸೇರಿ ಮೆಣಸಿನಕಾಯಿಗೆ ನೀರೆತ್ತಿತು. ಅಪ್ಪ ಮತ್ತು ಕಾಕಾ ಬೇರೆಯಾದಾಗ ಹೊಲ, ಮನೆ, ಎತ್ತು, ಪಾತ್ರೆಗಳೆಲ್ಲ ಹಂಚಿಹೋದವು. ಎಂಜಿನನ್ನು ಕತ್ತರಿಸಿ ಹಂಚಲು ಬರುವುದಿಲ್ಲವಲ್ಲ, ಅದು ಇಬ್ಬರಿಗೂ ಸೇರಿದ್ದು ಎಂದು ಹಿರಿಯರು ಹೇಳಿ ಎದ್ದರು. ಕಾಕಾ ಕೆಲವು ವರ್ಷ ಓಡಿಸಿದರು. ಒಂದು ದಿನ ಅದು ನಿಂತಿತು. ಆಮೇಲೆ ನಮ್ಮ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದು ಇಪ್ಪತ್ತು ವರ್ಷ ಕುಳಿತಿತು.

ಅದು ಲಿಸ್ಟರ್ ಮಾದರಿಯ ಎಂಜಿನ್. ಇಂಗ್ಲೆಂಡಿನ ಡರ್ಸ್ಲಿ ಎಂಬ ಊರಿನಲ್ಲಿ 1930ರ ಸುಮಾರಿಗೆ ಹುಟ್ಟಿದ ವಿನ್ಯಾಸ. ಅಲ್ಲಿ ಅದರ ತಯಾರಿಕೆ 1987ರಲ್ಲಿ ನಿಂತಿತು. ನಮ್ಮ ದೇಶದಲ್ಲಿ ರಾಜಕೋಟದ ಕಾರ್ಖಾನೆಗಳು ಅದನ್ನೇ ನೋಡಿಕೊಂಡು ಎರಕ ಹೊಯ್ದು ಊರೂರಿಗೆ ಕಳಿಸಿದವು. ಒಂದೇ ಸಿಲಿಂಡರ್, ಎರಡು ಬದಿಗೆ ಎರಡು ಭಾರೀ ಫ್ಲೈವೀಲ್, ಆರು ಕುದುರೆ ಬಲ, ನಿಮಿಷಕ್ಕೆ 650 ಸುತ್ತು. ಅವಸರವಿಲ್ಲದ ಯಂತ್ರ. ಆದ್ದರಿಂದಲೇ ಮನೆಯಲ್ಲಿ ಕುಳಿತು ಬಿಚ್ಚಿ ಕಟ್ಟಲು ಬರುವಂಥದ್ದು.

ನಾವು ಅದಕ್ಕೆ ಕೈ ಹಚ್ಚಿದಾಗ ಪಿಸ್ಟನ್ ಲೈನರಿಗೆ ತುಕ್ಕಿನಿಂದ ಬೆಸೆದುಕೊಂಡಿತ್ತು. ಸೀಮೆಎಣ್ಣೆ ಮತ್ತು ಡೀಸೆಲ್ ಕೂಡಿಸಿ ಸುರಿದು ಎಂಟು ದಿನ ಬಿಟ್ಟೆವು. ಕಟ್ಟಿಗೆಯ ತುಂಡಿಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿದೆವು. ಒಂಬತ್ತನೆಯ ದಿನ ಫ್ಲೈವೀಲ್ ಅರ್ಧ ಬೆರಳಿನಷ್ಟು ಅಲುಗಿತು. ಅಂದು ಮನೆಯಲ್ಲಿ ಹಬ್ಬ! ಲೈನರ್, ಪಿಸ್ಟನ್, ರಿಂಗು, ಬೇರಿಂಗು, ನಾಝಲ್, ತಾಮ್ರದ ಪೈಪು ಎಲ್ಲವನ್ನೂ ಹುಬ್ಬಳ್ಳಿಯಿಂದ ಹೊಸದಾಗಿ ತಂದೆವು. ಅವಸರಕ್ಕೆ ಬಿದ್ದು ಒಂದು ರಿಂಗನ್ನು ನಾವೇ ಮುರಿದೆವು, ಅದಕ್ಕಾಗಿ ಮತ್ತೊಂದು ಬಸ್ ಚಾರ್ಜು. ವಾಲ್ವುಗಳನ್ನು ಪೇಸ್ಟ್ ಹಚ್ಚಿ ಉಜ್ಜಿ ಕೂರಿಸಿದೆವು. ಪಿಸ್ಟನ್ ಮೇಲೇರಿದಾಗ ಅದಕ್ಕೂ ಹೆಡ್ಡಿಗೂ ನಡುವೆ ಉಳಿಯುವ ಸಂದನ್ನು ಅಳೆಯಲು ಒಂದು ಹಳೆಯ ಉಪಾಯವಿದೆ. ಪಿಸ್ಟನ್ ಮೇಲೆ ಸೀಸದ ತಂತಿಯ ತುಂಡಿಟ್ಟು, ಹೆಡ್ ಬಿಗಿದು, ಕೈಯಿಂದ ಒಂದು ಸುತ್ತು ತಿರುಗಿಸಿ, ಮತ್ತೆ ಬಿಚ್ಚಿ, ಚಪ್ಪಟೆಯಾದ ತಂತಿಯ ದಪ್ಪ ನೋಡಬೇಕು. ಮೂರು ಸಲ ಬಿಚ್ಚಿ ಮೂರು ಸಲ ಬಿಗಿದೆವು. ಒಟ್ಟು ಖರ್ಚು 17,400 ರೂಪಾಯಿ, ನಮ್ಮ ಕೈಗೆಲಸ ಬಿಟ್ಟು. ಅಜ್ಜನ ಕಾಲದ್ದಾಗಿ ಉಳಿದದ್ದು ಹೊರಗಿನ ಎರಕದ ಮೈ, ಕ್ರ್ಯಾಂಕ್ ಶಾಫ್ಟ್ ಮತ್ತು ಆ ಎರಡು ಫ್ಲೈವೀಲ್.

ಹಲಗೆಗಳನ್ನೆಲ್ಲ ಒಂದೊಂದಾಗಿ ಬದಲಾಯಿಸಿದ ಹಡಗು ಅದೇ ಹಡಗೇ ಎಂದು ಗ್ರೀಕರು ವಾದಿಸುತ್ತಿದ್ದರಂತೆ. ಪ್ಲೂಟಾರ್ಕ್ ಅದನ್ನು ಬರೆದಿದ್ದಾನೆ. ಬಿಡುವಿದ್ದವರ ಪ್ರಶ್ನೆ ಅದು. ಇದು ಅದೇ ಎಂಜಿನೇ ಎಂದು ನಮ್ಮ ಕಾಕಾನ ಮಗ ಕೇಳಿರಲಿಲ್ಲ. ಅದರಲ್ಲಿ ತನ್ನದೆಷ್ಟು ಎಂದು ಕೇಳಿದ್ದ. ಈ ಪ್ರಶ್ನೆಗೆ ಉತ್ತರ ಹುಡುಕಿದವರು ನಮಗೆ ಹತ್ತಿರದಲ್ಲೇ ಇದ್ದಾರೆ.

ಹನ್ನೆರಡನೆಯ ಶತಮಾನದ ಹನಫಿ ಧರ್ಮಶಾಸ್ತ್ರ ಗ್ರಂಥ 'ಹಿದಾಯ'ದಲ್ಲಿ ಒಂದು ಬಟ್ಟೆಯ ಮಾತು ಬರುತ್ತದೆ. ಒಬ್ಬನ ಬಿಳಿ ಬಟ್ಟೆಯನ್ನು ಇನ್ನೊಬ್ಬ ಕಸಿದುಕೊಂಡು ಕೆಂಪು ಬಣ್ಣ ಹಾಕಿಬಿಟ್ಟ. ಈಗೇನು? ಆಯ್ಕೆ ಬಟ್ಟೆಯ ಒಡೆಯನದು. ಬೇಕಿದ್ದರೆ ಬಿಳಿ ಬಟ್ಟೆಯ ಬೆಲೆ ಪಡೆಯಬಹುದು, ಇಲ್ಲವೇ ಬಟ್ಟೆಯನ್ನೇ ತೆಗೆದುಕೊಂಡು ಬಣ್ಣದಿಂದ ಹೆಚ್ಚಿದ ಬೆಲೆಯನ್ನು ಕೊಡಬಹುದು. ಕಸಿದವನ ಬಣ್ಣಕ್ಕೂ ಬೆಲೆಯಿದೆ. ಆದರೆ ಬಣ್ಣ ಹಾಕಿದ ಮಾತ್ರಕ್ಕೆ ಬಟ್ಟೆ ಅವನದಾಗುವುದಿಲ್ಲ.

ನಮ್ಮದೇ ಕನ್ನಡ ನಾಡಿನ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ವಿಜ್ಞಾನೇಶ್ವರ ಬರೆದ 'ಮಿತಾಕ್ಷರ' ಇನ್ನೂ ಹತ್ತಿರದ ಪ್ರಕರಣವನ್ನು ಎತ್ತಿಕೊಳ್ಳುತ್ತದೆ. ಕೈಬಿಟ್ಟುಹೋದ ಹಿರಿಯರ ಆಸ್ತಿಯನ್ನು ಮಕ್ಕಳಲ್ಲಿ ಒಬ್ಬ ತನ್ನ ಶ್ರಮದಿಂದ ಮರಳಿ ಪಡೆದರೆ ಅದನ್ನು ಉಳಿದವರಿಗೆ ಹಂಚಬೇಕಾಗಿಲ್ಲ. ಅದು ಭೂಮಿಯಾದರೆ ಅವನಿಗೆ ಮೊದಲು ನಾಲ್ಕನೆಯ ಒಂದು ಭಾಗ, ಉಳಿದದ್ದು ಎಲ್ಲರಿಗೂ ಸಮ. ಇದನ್ನು ಓದಿ ನಮಗೆ ಖುಷಿಯಾಯಿತೆಂದು ಒಪ್ಪಿಕೊಳ್ಳಬೇಕು. ಆದರೆ ಅಲ್ಲೊಂದು ಷರತ್ತಿದೆ. ಮರಳಿ ಪಡೆಯುವ ಕೆಲಸಕ್ಕೆ ಉಳಿದವರ ಸಮ್ಮತಿ ಇರಬೇಕು. ನಾವು ಯಾರನ್ನು ಕೇಳಿದ್ದೆವು?

ತುರ್ಕಿಯ ಉಸ್ಮಾನಿಯಾ ಸರಕಾರ 1869ರಿಂದ 1876ರ ನಡುವೆ ಹೊರತಂದ 'ಮಜಲ್ಲಾ' ಕಾನೂನು ಸಂಹಿತೆಯಲ್ಲಂತೂ ಇಬ್ಬರ ಪಾಲಿನ, ಹಂಚಲು ಬಾರದ ಆಸ್ತಿಗೆ ಉದಾಹರಣೆಯೇ ಗಿರಣಿ. ಅದು ಕೆಟ್ಟಾಗ ಒಬ್ಬ ಪಾಲುದಾರ ದುರಸ್ತಿಗೆ ಒಪ್ಪದಿದ್ದರೆ ಇನ್ನೊಬ್ಬ ನ್ಯಾಯಾಧೀಶರ ಅನುಮತಿ ಪಡೆದು ಖರ್ಚು ಮಾಡಬಹುದು. ಅಲ್ಲಿಯೂ ಮೊದಲು ಕೇಳುವುದು, ಸುತ್ತಿಗೆ ಆಮೇಲೆ.

ಇಷ್ಟಕ್ಕೆಲ್ಲ ಪುಸ್ತಕ ಬೇಕಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಈ ತಾಲ್ಲೂಕಿನ ಮಕ್ಕಳಿಗೆ 1980ರ ಜುಲೈ ತಿಂಗಳ ಕತೆ ಮನೆಯಲ್ಲೇ ಸಿಗುತ್ತದೆ. ಮಲಪ್ರಭಾ ಕಾಲುವೆಯಿಂದ ನಿಮ್ಮ ಭೂಮಿ ಸುಧಾರಿಸಿತು, ಅದಕ್ಕೆ ಬೆಟರ್‌ಮೆಂಟ್ ಲೆವಿ ಕೊಡಿ ಎಂದು ಸರಕಾರ ಕೇಳಿತು. ಎಷ್ಟೋ ಹೊಲಗಳಿಗೆ ನೀರೇ ಬಂದಿರಲಿಲ್ಲ. ನವಲಗುಂದ, ನರಗುಂದಗಳಲ್ಲಿ ರೈತರು ಎದ್ದು ನಿಂತರು, ಗೋಲಿಬಾರಾಯಿತು, ಜೀವಗಳು ಹೋದವು. ಆ ಹೋರಾಟದ ಮಾತು ಬಂದಾಗಲೆಲ್ಲ ಎದೆಯುಬ್ಬಿಸುವ ನಾವು, ಕೊಟ್ಟಿಗೆಯಲ್ಲಿ ಮಾಡಿದ್ದೇನು? ಕಾಕಾನನ್ನು ಕೇಳದೆ ಅವರ ಎಂಜಿನನ್ನು ಸುಧಾರಿಸಿದೆವು. ಸುಧಾರಣೆಯ ಲೆಕ್ಕವನ್ನು ಅವರ ಮಗನ ಮುಂದಿಟ್ಟೆವು. ನಮ್ಮ ಎಂಜಿನ್ ನಿಜವಾಗಿಯೂ ನೀರೆತ್ತುತ್ತದೆ ಎಂಬುದೊಂದೇ ವ್ಯತ್ಯಾಸ.

ಇನ್ನೂ ಎರಡು ಸಂಗತಿಗಳಿವೆ, ಅವನ್ನು ಹೇಳಲು ನಾಚಿಕೆಯಾಗುತ್ತದೆ. ಹೊಸ ಭಾಗಗಳನ್ನು ತಂದಾಗ ಹಳೆಯವನ್ನು ಗುಜರಿಗೆ ಹಾಕಿದ್ದೆವು. ಪಿಸ್ಟನ್, ಲೈನರ್, ತಾಮ್ರದ ಪೈಪು ಸೇರಿ 860 ರೂಪಾಯಿ ಬಂತು. ಅದು ಚಹಾ-ಮಿರ್ಚಿಗೆ ಹೋಯಿತು. 17,400ನ್ನು ಪೈಸೆ ಪೈಸೆಯಾಗಿ ಬರೆದಿಟ್ಟ ವಹಿಯಲ್ಲಿ ಈ 860 ಎಲ್ಲಿಯೂ ಇರಲಿಲ್ಲ. ನಾವು ಬೇಕೆಂದು ಮುಚ್ಚಿಟ್ಟದ್ದಲ್ಲ. ಹೊಸದರ ಬೆಲೆ ನಮ್ಮ ಕಣ್ಣಿಗೆ ಬೆಲೆಯಾಗಿ ಕಂಡಿತು, ಹಳೆಯದು ಬರೀ ಕಸವಾಗಿ. ಹಾಗೆ ಕಾಣಿಸಿದ್ದೇ ತಪ್ಪಿನ ಬೇರು ಎಂದು ನಮ್ಮ ಅನಿಸಿಕೆ.

ಎರಡನೆಯದು ಕ್ರ್ಯಾಂಕ್ ಶಾಫ್ಟಿನದು. ಇಪ್ಪತ್ತು ವರ್ಷದ ತುಕ್ಕಿನಲ್ಲಿ ಅದೊಂದು ಮಾತ್ರ ಹೊಳೆಯುತ್ತಿತ್ತು. ನಮ್ಮ ಅದೃಷ್ಟ ಎಂದುಕೊಂಡಿದ್ದೆವು. ಬೇರಿಂಗ್ ಬಿಚ್ಚಿದಾಗ ಕಂಡದ್ದು ದಪ್ಪಗೆ ಮೆತ್ತಿದ ಹಳೆಯ ಗ್ರೀಸ್, ಅದರ ಮೇಲೆ ಸುತ್ತಿದ ಅರಿವೆಯ ಚಿಂದಿ. ಕಾಕಾ ಎಂಜಿನನ್ನು ಮೂಲೆಗೆ ಸೇರಿಸಿದ ದಿನ ಮಾಡಿದ ಕೆಲಸ ಅದು. ಶಾಫ್ಟ್ ಹೋಗಿದ್ದರೆ ನಾವು ಕೈ ಹಚ್ಚುವ ಮಾತೇ ಇರಲಿಲ್ಲ. ಹೊಸದಾಗಿ ಕಟ್ಟಿದವನ ಶ್ರಮವನ್ನು ಬೆಲೆ ಕಟ್ಟಿ ಹೇಳಬಹುದು. ಕೆಡದಂತೆ ಕಾದವನ ಶ್ರಮಕ್ಕೆ ಯಾವ ರಸೀದಿ? ಅದು ಕಾಣುವುದು ಏನೂ ಕೆಟ್ಟಿಲ್ಲ ಎಂಬ ರೂಪದಲ್ಲಿ ಮಾತ್ರ.

ಒಂದು ಹಾಳೆಯಲ್ಲಿ ಲೆಕ್ಕವನ್ನು ಹೊಸದಾಗಿ ಬರೆದೆವು. ಮೊದಲ ಸಾಲಿನಲ್ಲಿ ಗುಜರಿಯ 860. ನಂತರ ನಮ್ಮ ಖರ್ಚು. ಗ್ರೀಸಿನ ಮುಂದೆ ಏನು ಬರೆಯುವುದೆಂದು ತಿಳಿಯದೆ ಖಾಲಿ ಬಿಟ್ಟೆವು. ಬಾಡಿಗೆಯ ಮಾತು ತೆಗೆದುಹಾಕಿದೆವು. ಹಾಳೆಯನ್ನು ಹಿಡಿದು ಕಾಕಾನ ಮನೆಗೆ ಹೋದೆವು. ಕಟ್ಟೆಯ ಮೇಲೆ ಕುಳಿತಿದ್ದ ಅವರು ಹಾಳೆಯನ್ನು ತೆಗೆದುಕೊಂಡು, ಓದದೆ, ಮಡಚಿ ಪಕ್ಕಕ್ಕಿಟ್ಟರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

"ಚಾಲೂ ಮಾಡಿ ಬಿಸಿ ಆದಮ್ಯಾಲೆ ಹೆಡ್ಡಿನ ನಟ್ ಮತ್ತೊಮ್ಮೆ ಬಿಗಿ ಮಾಡೀರೇನು?"

ಮಾಡಿರಲಿಲ್ಲ. ಕಾಕಾ ಎದ್ದು ಚಪ್ಪಲಿ ಮೆಟ್ಟಿಕೊಂಡರು. ಮಗ ಒಳಗಿನಿಂದ ದೊಡ್ಡ ಪಾನಾ ತಂದ.